ಮದುವೆಗೆ ಹೋದ ನೆಟ್‌ವರ್ಕ್

ಕೋವಿಡ್ ನಿರ್ಬಂಧಗಳೆಲ್ಲ ಮುಗಿದ ಮರುವರ್ಷ ನಾನು ಶ್ರೀಮಂಗಲದ ಕಡೆ ಗ್ರಾಮೀಣ ಬ್ರಾಡ್‌ಬ್ಯಾಂಡ್ ಪ್ರಯೋಗವೊಂದರ ಫೀಲ್ಡ್ ಎಂಜಿನಿಯರ್ ಆಗಿದ್ದೆ. ಟಿ.ವಿ. ಪ್ರಸಾರಕ್ಕೆ ಮೀಸಲಿದ್ದು ಖಾಲಿ ಬಿದ್ದಿರುವ ಚಾನೆಲ್‌ಗಳ ಮೂಲಕ, ಮೊಬೈಲ್ ಸಿಗ್ನಲ್ ಇಲ್ಲದ ಒಂದು ಊರಿಗೆ ಇಂಟರ್ನೆಟ್ ತಲುಪಿಸುವುದು ನಮ್ಮ ಕೆಲಸ. ಆ ತರಂಗಗಳು ತೋಟದ ಮರಗಳನ್ನು ದಾಟಿಕೊಂಡು ದೂರ ಸಾಗುತ್ತವೆ.

ಇದಕ್ಕೆ ಬಳಸಿದ್ದು ಕಾಗ್ನಿಟಿವ್ ರೇಡಿಯೊ. ಮಾತಾಡುವ ಮೊದಲು ಕಿವಿಗೊಟ್ಟು ಕೇಳುವುದು ಇದರ ಗುಣ. ಬಸ್ಸಿನಲ್ಲಿ ಖಾಲಿ ಇರುವ ರಿಸರ್ವ್ಡ್ ಸೀಟಿನಲ್ಲಿ ಕೂತವರ ಹಾಗೆ, ಸೀಟಿನವರು ಬಂದರೆ ತಕ್ಷಣ ಎದ್ದು ಬೇರೆ ಸೀಟು ಹುಡುಕುತ್ತದೆ. ಮನುಷ್ಯರಲ್ಲೇ ಅಪರೂಪವಾದ ಈ ಸೌಜನ್ಯ ನನಗೆ ಬಹಳ ಹಿಡಿಸಿತ್ತು.

ಮೊದಲ ಸಂಪರ್ಕ ಕೊಟ್ಟದ್ದು ಪೂವಯ್ಯನವರ ರೇಷನ್ ಅಂಗಡಿಗೆ. ಬೆರಳಚ್ಚು ಯಂತ್ರಕ್ಕೆ ನೆಟ್‌ವರ್ಕ್ ಸಿಗದಿದ್ದರೆ ಅವರು ಅಕ್ಕಿ ಕೊಡುವಂತಿರಲಿಲ್ಲ. ವಾರವಿಡೀ ಚೆನ್ನಾಗಿ ನಡೆದು ಭಾನುವಾರ ಮಾತ್ರ ಕೈಕೊಡುತ್ತಿತ್ತು. ಕಚೇರಿಯಲ್ಲಿ ಇಡೀ ವಾರದ ಸರಾಸರಿ ನೋಡಿ ಎಲ್ಲರೂ ಖುಷಿಯಾಗಿದ್ದರು.

ತಿಂಗಳ ಕೊನೆಯ ಭಾನುವಾರ ನಾನೇ ಹೋದೆ. ರೇಡಿಯೊದ ಹಸಿರು ದೀಪ ಉರಿಯುತ್ತಿತ್ತು. ಕಾಫಿ ಎಸ್ಟೇಟಿನ ಲೈನ್‌ಮನೆಯಿಂದ ನಡೆದು ಬಂದಿದ್ದ ಬೊಳ್ಳಿ ಎಂಬ ಕಾರ್ಮಿಕೆ ಯಂತ್ರಕ್ಕೆ ಬೆರಳು ಒತ್ತುವಷ್ಟರಲ್ಲಿ, ಎದುರಿನ ಕಲ್ಯಾಣ ಮಂಟಪದಿಂದ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಕೇಳಿಸಿತು. ದೀಪ ಕೆಂಪಾಯಿತು. ಹಿಂದಿನ ಭಾನುವಾರಗಳಲ್ಲೂ ಆಕೆ ಬರಿಗೈಯಲ್ಲಿ ಹೋಗಿದ್ದರು. ಅಂದೂ ಸಿಗದಿದ್ದರೆ ಆ ತಿಂಗಳ ಅಕ್ಕಿ ಕೈತಪ್ಪುತ್ತಿತ್ತು.

"ಉಳಿದ ದಿನ ಚೆನ್ನಾಗಿರುತ್ತಲ್ಲ?" ಎಂದೆ.

"ಕಾಫಿ ಪಿಕ್ಕಿಂಗ್ ಬಿಟ್ಟು ಹೆಂಗೆ ಬರೋದು ಮೇಡಂ? ಆರು ದಿವಸ ನೆಟ್‌ವರ್ಕ್ ಇದ್ರೆ ನಂಗೆಂತ? ನಂಗೆ ಇರೋದು ಒಂದು ಭಾನುವಾರ."

ಪೂವಯ್ಯನವರು ಮಂಟಪದತ್ತ ಗದ್ದ ತೋರಿಸಿ ನಕ್ಕರು. "ನಿಮ್ಮ ನೆಟ್‌ವರ್ಕ್ ಮದುವೆಗೆ ಹೋಗಿದೆ. ಊಟ ಮುಗಿಸ್ಕೊಂಡು ಬರ್ತದೆ ಬಿಡಿ."

ನನಗೆ ಮೈಯುರಿಯಿತು. ಲ್ಯಾಪ್‌ಟಾಪ್ ತೆರೆದು ನೋಡಿದರೆ ಅವರ ತಮಾಷೆಯೇ ನಿಜ. ನಮ್ಮ ಪ್ರಾಯೋಗಿಕ ಪರವಾನಗಿಯಲ್ಲಿದ್ದದ್ದು ಎರಡೇ ಚಾನೆಲ್. ಮಂಟಪದ ಎರಡು ವೈರ್‌ಲೆಸ್ ಮೈಕ್‌ಗಳು ಅವುಗಳ ಮೇಲೇ ಕೂತಿದ್ದವು. ಊರಿಗೆಲ್ಲ ರಜೆಯೆಂದು ಮದುವೆಗಳೂ ಭಾನುವಾರವೇ; ಅವು ಮುಗಿಯುವಷ್ಟರಲ್ಲಿ ರೇಷನ್ ಅಂಗಡಿ ಮುಚ್ಚುವ ಹೊತ್ತು. ರೇಡಿಯೊ ಮರ್ಯಾದೆಯಿಂದ ಎದ್ದು ನಿಂತಿತ್ತು, ಕೂರಲು ಬೇರೆ ಸೀಟಿರಲಿಲ್ಲ.

ಅಂಗಡಿಯ ಲ್ಯಾಂಡ್‌ಲೈನ್‌ನಿಂದ ಕಚೇರಿಗೆ ಫೋನ್ ಮಾಡಿದೆ. "ಕೇಳಿಸಿಕೊಳ್ಳೋದನ್ನೇ ಆಫ್ ಮಾಡಿಬಿಡಿ" ಎಂದರು. ಹಾಗೆ ಮಾಡಿದರೆ ಮದುವೆಯ ಮೈಕು ಕೆಡುತ್ತದೆ, ಪರವಾನಗಿಯ ಷರತ್ತೂ ಮುರಿಯುತ್ತದೆ. ಮನಸ್ಸು ಒಪ್ಪಲಿಲ್ಲ. ರಸ್ತೆ ದಾಟಿ ಮೈಕ್ ಸೆಟ್‌ನ ರಫೀಕನ ಹತ್ತಿರ ಹೋಗಿ, ಮೈಕ್‌ಗಳ ಫ್ರೀಕ್ವೆನ್ಸಿ ಬದಲಿಸಲು ಕೇಳಿದೆ.

"ಮುಹೂರ್ತದ ಟೈಮಲ್ಲಿ ಮೈಕ್ ಮುಟ್ಟಿದ್ರೆ ನನ್ನನ್ನೇ ಓಡಿಸ್ತಾರೆ ಮೇಡಂ!"

ಅಕ್ಕಿಯ ವಿಷಯ ಹೇಳಿದೆ. ಅವನು ಬಾಗಿಲಿಗೆ ಬಂದು, ಚೀಲ ಹಿಡಿದು ನಿಂತ ಜನರನ್ನು ನೋಡಿದ. "ಒಂದು ಹಾಡಿನ ಟೈಮ್ ಕೊಡಿ" ಎಂದ. ಹಾಡು ಹಾಕಿ, ಅದು ಮುಗಿಯುವುದರೊಳಗೆ ಎರಡೂ ಮೈಕನ್ನು ಬೇರೆ ಫ್ರೀಕ್ವೆನ್ಸಿಗೆ ತಿರುಗಿಸಿದ.

ನಾನು ಮರಳುವಷ್ಟರಲ್ಲಿ ದೀಪ ಹಸಿರಾಗಿತ್ತು. ಕಾಯಿ ಕೊಯ್ದು ಸವೆದ ಬೊಳ್ಳಿಯ ಬೆರಳನ್ನು ಯಂತ್ರ ಎರಡನೇ ಸಲಕ್ಕೆ ಗುರುತಿಸಿತು. ನನಗೆ ಕಣ್ಣು ತುಂಬಿತು. ಬೊಳ್ಳಿ ಅಕ್ಕಿಯ ಚೀಲ ಬಿಗಿದು ಕಟ್ಟುತ್ತಾ ಪೂವಯ್ಯನವರನ್ನು ಕೇಳಿದರು, "ಊಟ ಮುಗಿಸಿ ಬಂತಾ ನೆಟ್‌ವರ್ಕು?"

ಮುಂದೆ ಇನ್ನಷ್ಟು ಚಾನೆಲ್‌ಗಳಿಗೆ ಅನುಮತಿ ಕೇಳಿದೆವು, ಸಿಕ್ಕಿತು. ಕೇಳಿಸಿಕೊಳ್ಳುವ ಯಂತ್ರವನ್ನು ಕಟ್ಟಿದ್ದ ನಾವು ಸರಾಸರಿಯನ್ನಷ್ಟೇ ಕೇಳಿಸಿಕೊಂಡಿದ್ದೆವು. ಈಗ ಯಾವ ವರದಿ ಕೈಗೆ ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ: ಕೆಟ್ಟು ನಿಂತ ದಿನ ಬಂದಿದ್ದವರು ಯಾರು?