ಜೈತುನಬೀ ಹಾಕಿಸಿದ ಗಿರಣಿ

ಖಾನಾಪುರದ ಜೈತುನಬೀಯ ಮುತ್ತಜ್ಜ ಮಹಮ್ಮದಸಾಬ ಬಳೆಯ ಮಲಾರವನ್ನು ಬೆನ್ನಿಗೆ ಕಟ್ಟಿಕೊಂಡು ಲೋಂಡಾದ ಕಾಡುದಾರಿಯಲ್ಲಿ ಒಬ್ಬನೇ ತಿರುಗಿದವನು. ಎದುರಿಗೆ ಕರಡಿ ಬಂದಾಗ ಓಡಲಿಲ್ಲವಂತೆ. ಮಲಾರವನ್ನೇ ಗಲಗಲ ಅಲುಗಾಡಿಸಿ ಅದನ್ನು ಓಡಿಸಿದನಂತೆ. ಕರಡಿಯ ಕಡೆಯಿಂದ ಈ ಮಾತಿಗೆ ಸಾಕ್ಷಿ ಸಿಕ್ಕಿಲ್ಲ. ಅಜ್ಜ ಮೌಲಾಸಾಬ ಇನಾಮದಾರರ ವಾಡೆಯಲ್ಲಿ ಪರದೆಯ ಆಚೆಯಿಂದ ಚಾಚಿದ ಕೈಗಳಿಗೆ ಮುಖ ನೋಡದೆ ಬಳೆ ಇಡಿಸಿದವನು. ಕೈ ಹಿಡಿದೊಡನೆ ಇದು ಅತ್ತೆಯದು, ಇದು ಸೊಸೆಯದು ಎಂದು ಹೇಳಿಬಿಡುತ್ತಿದ್ದ. ತಾಯಿ ಮುನವ್ವರಾ ಊದಿಕೊಂಡ ಬಾಣಂತಿಯ ಕೈಗೂ ಒಂದು ಬಳೆ ಒಡೆಯದಂತೆ ಇಡಿಸಿ ನಂದಗಡದವರೆಗೆ ಹೆಸರು ಮಾಡಿದಾಕೆ. ಇಂಥ ಮನೆತನದಲ್ಲಿ ಹುಟ್ಟಿದ ಜೈತುನಬೀ ಮಾಡಿದ ಘನಕಾರ್ಯವೆಂದರೆ ಸಿನಿಮಾ ನೋಡಿದ್ದು.

ಶನಿವಾರ ಮುಂಜಾನೆಯ ಮೋಟಾರು ಹಿಡಿದು ಬೆಳಗಾವಿಗೆ ಹೋಗುವಳು. ರವಿವಾರ ಪೇಟೆ ಎಂಬ ಅಲ್ಲಿಯ ಬಜಾರಿನಲ್ಲಿ ಅದೇ ದಿನ ಬಳೆ ಖರೀದಿ ಮುಗಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದ ಆಟಕ್ಕೆ ಕೂತುಬಿಡುವಳು. ಕನ್ನಡ, ಮರಾಠಿ, ಹಿಂದಿ ಎಂಬ ಭೇದವಿರಲಿಲ್ಲ. ಗಂಡ ಸರದಾರಸಾಬ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುತ್ತಿದ್ದ. ಆತನನ್ನು ಜೊತೆಗೆ ಕರೆಯುವುದನ್ನು ಆಕೆ ಎಂದೋ ಬಿಟ್ಟಿದ್ದಳು. "ಕತ್ತಲಾದ ಕೂಡ್ಲೇ ಗೊರಕಿ ಹೊಡೀತಾನ, ಡೈಲಾಗ ಕೇಳಸಂಗಿಲ್ಲ" ಎಂಬುದು ಆಕೆಯ ತಕರಾರು. ಹೊಡೆದಾಟ ಬಂದು ಜನ ಸಿಳ್ಳೆ ಹಾಕಿ ಜಿಗಿದಾಡಿದರೆ ಪೆಟ್ಟಿಗೆಯನ್ನು ಅವುಚಿಕೊಂಡು, "ಸಾವಕಾಶ್ರೀ, ಗಾಜಿನ ಸಾಮಾನೈತಿ" ಎಂದು ಬಾಜೂದವರನ್ನು ಗದರಿಸುವಳು.

ನಟನೆಯ ವಿಷಯದಲ್ಲಿ ಆಕೆ ಮುಖಕ್ಕೆ ಬೆಲೆ ಕೊಡುತ್ತಿರಲಿಲ್ಲ. ಜನ್ಮವೆಲ್ಲ ಕೈ ಹಿಡಿದ ಹೆಂಗಸು, ನೋಡುತ್ತಿದ್ದುದು ಕೈಯನ್ನೇ. "ಮಾರಿ ಅಳತೈತಿ ಖರೇ, ಕೈ ಆರಾಮ ಕುಂತೈತಿ. ಮಗನ್ನ ಕಳಕೊಂಡಾಕಿ ಕೈ ಹಂಗ ಇರತೈತೇನ?" ಎನ್ನುವಳು. ಬಡವರ ಮನೆಯ ನಾಯಕಿ ನೀರು ಸೇದಿ, ಕಟ್ಟಿಗೆ ಒಡೆದ ಮೇಲೂ ಕೈತುಂಬ ಹೊಸ ಬಳೆ ಮಿರಮಿರ ಮಿಂಚಿದರೆ ಆಕೆಗೆ ಕೆಂಡದಂಥ ಸಿಟ್ಟು. "ಒಂದರೆ ಬಳಿ ಒಡೀಲಿಲ್ಲಂದ್ರ ನಾವು ಬಳಗಾರರು ಏನ ಉಣ್ಣೂಣು?" ಖಳನಾಯಕರ ಮೇಲೆ ಮಾತ್ರ ಮರ್ಯಾದೆ: "ಪಾಪ, ಕೆಲಸಾ ಮಾಡಾವ ಅವನ ಒಬ್ಬ. ಹೀರೋ ಬರೇ ಹಾಡತಾನ." ಇನ್ನು ಗುಂಡು ತಗಲಿದ ಮೇಲೆ ತಾಯಿಯ ತೊಡೆಯ ಮೇಲೆ ಮಲಗಿ ಉದ್ದುದ್ದ ಮಾತಾಡಿ ಸಾಯುವವರನ್ನು ಕಂಡರೆ ಆಕೆಗೆ ಆಗುತ್ತಲೇ ಇರಲಿಲ್ಲ. "ಇಷ್ಟ ಮಾತಾಡೂದ್ರಾಗ ಡಾಕ್ಟರ ಮನಿಗೆ ಎರಡ ಸಲಾ ಹೋಗಿ ಬರಬೌದಿತ್ತು."

ಭಾನುವಾರದಿಂದ ಮಲಾರ ಹೊತ್ತು ಓಣಿ ತಿರುಗುವಳು. ಸಿನಿಮಾಕ್ಕೆ ಹೋಗಲು ಬಿಡದ ಮನೆಗಳ ಹೆಂಗಸರಿಗೆಲ್ಲ ಆಕೆಯೇ ಸಿನಿಮಾ. ಬಳೆ ಇಡಿಸುವಾಗ ಕೈ ಬಿಗಿ ಮಾಡಿದರೆ ಗಾಜು ಒಡೆಯುತ್ತದೆ. ಕಥೆ ಕೇಳುವ ಕೈ ತಾನಾಗಿಯೇ ಸಡಿಲಾಗುತ್ತದೆ. ಹೆಬ್ಬೆರಳಿನ ಗೆಣ್ಣು ದಾಟಿಸುವ ಕಷ್ಟದ ಗಳಿಗೆಗೆ ಸರಿಯಾಗಿ ಆಕೆ ನಾಯಕಿಯನ್ನು ಬಾವಿಯ ಕಟ್ಟೆಯ ಮೇಲೆ ತಂದು ನಿಲ್ಲಿಸುವಳು. "ಅಯ್ಯ, ಮುಂದ?" ಎನ್ನುವಷ್ಟರಲ್ಲಿ ಬಳೆ ಮುಂಗೈಗೆ ಬಂದಿರುತ್ತಿತ್ತು. ಹೆಚ್ಚು ಬಳೆ ಇಡಿಸಿಕೊಂಡವರಿಗೆ ನಾಯಕನಿಗೊಬ್ಬ ತಮ್ಮ, ಆ ತಮ್ಮನಿಗೊಂದು ಮದುವೆ. ಕಡಿಮೆ ಇಡಿಸಿಕೊಂಡವರಿಗೆ ತಮ್ಮ ಹುಟ್ಟುತ್ತಲೇ ಇರಲಿಲ್ಲ.

ಇದಲ್ಲದೆ, ಸಿನಿಮಾದವರು ಕಥೆಯನ್ನು ಕೆಡಿಸಿದ್ದಾರೆ ಎಂದು ಕಂಡ ಕಡೆ ಆಕೆ ರಿಪೇರಿ ಮಾಡುತ್ತಿದ್ದಳು. ಅದನ್ನು ಮಾತ್ರ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಬೆಳಗಾವಿಗೆ ಒಂದು ಅತ್ತೆ-ಸೊಸೆಯ ಸಿನಿಮಾ ಬಂತು. ತಪ್ಪಿಲ್ಲದ ಸೊಸೆಯನ್ನು ಅತ್ತೆ ಮನೆಯಿಂದ ಹೊರಗೆ ಹಾಕುತ್ತಾಳೆ. ಕಡೆಗೆ ಸೊಸೆಯೇ ಮರಳಿ ಬಂದು, ಅತ್ತೆಯ ಕಾಲಿಗೆ ಬಿದ್ದು, ಕ್ಷಮೆ ಕೇಳಿ, ಅಲ್ಲೇ ಪ್ರಾಣ ಬಿಡುತ್ತಾಳೆ. ಜೈತುನಬೀ ಉರಿದುಬಿದ್ದಳು. ತಪ್ಪು ಮಾಡಿದಾಕೆ ನಿಂತಿದ್ದಾಳೆ, ಮಾಡದಾಕೆ ಬಿದ್ದು ಸತ್ತಿದ್ದಾಳೆ, ಇದು ಯಾವ ಊರಿನ ನ್ಯಾಯ? ಮೋಟಾರು ಖಾನಾಪುರ ಮುಟ್ಟುವುದರೊಳಗೆ ಸೊಸೆ ಎದ್ದು ಕುಳಿತಿದ್ದಳು.

ಮರುದಿನ ಕಿರಾಣಿ ವ್ಯಾಪಾರಿ ಗುರುಪುತ್ರಪ್ಪನವರ ಮನೆಯಲ್ಲಿ ಆ ಕಥೆ ನಡೆಯಿತು. ಅವರ ಹೆಂಡತಿ ಕಾಶವ್ವ, ಮಗಳು ಕಾಂತಾ ಕೈ ಚಾಚಿ ಕೂತಿದ್ದರು. ಸಿನಿಮಾ ಎಂದರೆ ಮೂಗು ಮುರಿಯುವ ಗುರುಪುತ್ರಪ್ಪನವರು ಬಾಗಿಲ ಹಿಂದೆ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದರು. ಒಂದು ಎಲೆಗೆ ಸುಣ್ಣ ಸವರಲು ಅಷ್ಟು ಹೊತ್ತು ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಜೈತುನಬೀಯ ಕಥೆಯಲ್ಲಿ ಸೊಸೆ ಕಾಲಿಗೆ ಬೀಳಲಿಲ್ಲ. ಕೆಳಗಿನ ಓಣಿಯಲ್ಲಿ ಹಿಟ್ಟಿನ ಗಿರಣಿ ಹಾಕಿದಳು. ಊರೆಲ್ಲ ಅಲ್ಲಿಗೇ ಬೀಸಿಸಲು ಬಂತು. ಕಡೆಗೆ ಒಂದು ದಿನ ಅತ್ತೆಯೂ ಜೋಳದ ಡಬ್ಬಿ ಹೊತ್ತು ಪಾಳಿಯಲ್ಲಿ ನಿಂತಳು. ಸೊಸೆ ತುಟಿ ಬಿಚ್ಚದೆ ಹಿಟ್ಟು ಬೀಸಿಕೊಟ್ಟು, ಆಮೇಲೆ ಅಂದಳಂತೆ: "ಕುಂದರ್ರಿ ಅತ್ತಿ. ಹಿಟ್ಟ ಬಿಸಿ ಐತಿ, ಆರ್ಲಿ."

ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಕಾಂತಾನ ಮದವಿ ಬಳಿ ನೀನ ಇಡಸಬೇಕು ನೋಡ ಜೈತುನಬೀ."

ಇದು ಸಣ್ಣ ಮಾತಲ್ಲ. ಆ ಮನೆಯ ಮದುವೆಯ ಬಳೆ ಯಾರು ಇಡಿಸುತ್ತಾರೋ ಅವರಿಗೇ ಆ ಓಣಿಯ ಅಷ್ಟೂ ಮನೆಗಳು ಬಾಗಿಲು ತೆರೆಯುತ್ತಿದ್ದವು. ಅಜ್ಜ, ಅವ್ವ ಗಳಿಸಿದ ಹೆಸರು ತನ್ನ ಕೈಯಲ್ಲೂ ಉಳಿಯಿತೆಂದು ಜೈತುನಬೀ ಹಿಗ್ಗಿ ಹೀರೇಕಾಯಿಯಾದಳು.

ಮದುವೆಗೆ ಹದಿನೈದು ದಿನ ಇರುವಾಗ ಲಕ್ಷ್ಮಪ್ಪನ ಟೂರಿಂಗ್ ಟಾಕೀಸು ಖಾನಾಪುರದ ಬಯಲಿನಲ್ಲಿ ಡೇರೆ ಹಾಕಿತು. ಟಾಂಗಾದ ಮೈಕಿನಲ್ಲಿ ಸಿನಿಮಾದ ಹೆಸರು ಕೇಳಿ ಜೈತುನಬೀ ಮಲಾರವನ್ನು ಕೆಳಗಿಳಿಸಿದಳು. ಅದೇ ಅತ್ತೆ, ಅದೇ ಸೊಸೆ. ಕಾಶವ್ವನ ಮನೆಗೆ ಓಡಿ, "ಟೆಂಟಿನ್ಯಾಗ ತಗಣಿ ಭಾಳ ಅದಾವ್ರೀ ಅವ್ವಾರ, ಹೋಗಬ್ಯಾಡ್ರಿ" ಎಂದಳು. ಆದರೆ ಬಾಗಿಲ ಹಿಂದಿನ ಗುರುಪುತ್ರಪ್ಪನವರೇ ಹೊರಡಲು ತಯಾರಾಗಿದ್ದರು. "ಸಿನಿಮಾ ಅಲ್ಲ, ಆ ಗಿರಣಿ ಒಂದ ನೋಡಿಕೊಂಡ ಬರೂಣು."

ಡೇರೆಯಲ್ಲಿ ನಡೆದದ್ದು ಮರುದಿನ ಹಲ್ಲುಜ್ಜುವ ಹೊತ್ತಿಗೆ ಜೈತುನಬೀಯ ಕಿವಿಗೂ ಬಿತ್ತು. ಸೊಸೆ ಸತ್ತು ದೀಪ ಹತ್ತಿದಾಗ ಗುರುಪುತ್ರಪ್ಪನವರು ಎದ್ದು ನಿಂತು, "ಗಿರಣಿ ಎಲ್ಲೈತಿ?" ಎಂದು ಕೂಗಿದರಂತೆ. ಹೆಂಗಸರ ಕಡೆಯಿಂದಲೂ "ಗಿರಣಿ ತೋರಸ್ರಿ, ಗಿರಣಿ!" ಎಂದು ಗದ್ದಲವೆದ್ದಿತಂತೆ. ಜೈತುನಬೀ ಸುಳ್ಳು ಹೇಳಿದಳೆಂದು ಒಬ್ಬರಿಗೂ ಹೊಳೆಯಲಿಲ್ಲ. ಲಕ್ಷ್ಮಪ್ಪನೇ ಕಡೆಯ ರೀಲು ನುಂಗಿದನೆಂದು ಊರೆಲ್ಲ ನಂಬಿತು.

ಅಂದೇ ಕಾಂತಾಳ ಕೈಯ ಅಳತೆ ನೋಡಲು ಜೈತುನಬೀ ಹೋದಾಗ ಲಕ್ಷ್ಮಪ್ಪ ಗುರುಪುತ್ರಪ್ಪನವರ ಕಟ್ಟೆಯ ಮುಂದೆ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ.

"ಜಲ್ದಿ ಮಲಗಾಕ ಹೋಗಬೇಕಂತ ರೀಲು ತಗದ್ಯಾ ಮಗನ? ಸತ್ತಾಕಿ ಗಿರಣಿ ಹೆಂಗ ಹಾಕತಾಳೋ?" ಗುರುಪುತ್ರಪ್ಪನವರು ಗುಡುಗುತ್ತಿದ್ದರು.

"ದೇವರಾಣಿ ಸಾವಕಾರ್ರ, ಇದ್ದಷ್ಟೂ ತೋರಸೇನ್ರಿ."

"ಹಂಗಾರ ಜೈತುನಬೀ ಸುಳ್ಳ ಹೇಳಿದ್ಲೇನು?" ಎಂದಳು ಕಾಶವ್ವ.

ಲಕ್ಷ್ಮಪ್ಪ ತಿರುಗಿ ನೋಡಿದ. ಜೈತುನಬೀಯ ಬಾಯಿಂದ ಕಥೆ ಕೇಳಿದವರೇ ನಿನ್ನೆ ಅವನ ಡೇರೆ ತುಂಬಿದ್ದರು. ಆಕೆಯ ಸಪ್ಪೆ ಮೋರೆ ಕಂಡೊಡನೆ ಅವನಿಗೆ ಎಲ್ಲ ತಿಳಿಯಿತು. ಗುರುಪುತ್ರಪ್ಪನವರ ಕಡೆ ತಿರುಗಿ ಹೇಳಿದ: "ತಪ್ಪಾತ್ರಿ. ಗಿರಣಿ ರೀಲು ಹರದಿತ್ರಿ. ಬೆಳಗಾವ್ಯಾಗ ಬಿಟ್ಟ ಬಂದೀನಿ."

ಎಲ್ಲರಿಗೂ ಸಮಾಧಾನವಾಯಿತು. ಕಾಂತಾ ಕೈ ಚಾಚಿದಳು, ಜೈತುನಬೀ ಹಿಡಿದುಕೊಂಡಳು. ಸುಮ್ಮನಿದ್ದರೆ ಮದುವೆಯ ಬಳೆ ತನ್ನದೇ. ಆದರೆ ತನ್ನ ಸಲುವಾಗಿ ಒಬ್ಬ ಮನುಷ್ಯ ರೀಲುಗಳ್ಳ ಅನಿಸಿಕೊಳ್ಳುವುದು ಒಂದು ಕಡೆ ಚುಚ್ಚಿತು. ಅಷ್ಟು ಚಂದದ ಗಿರಣಿ ಆ ಸಿನಿಮಾದವರ ಲೆಕ್ಕಕ್ಕೆ ಹೋಗುವುದು ಇನ್ನೊಂದು ಕಡೆ ಚುಚ್ಚಿತು. ಯಾವುದು ಹೆಚ್ಚು ಚುಚ್ಚಿತೋ ದೇವರೇ ಬಲ್ಲ.

"ಅವ್ವಾರ, ರೀಲು ಹರದಿಲ್ಲ. ಸಿನಿಮಾದಾಗ ಆಕಿ ಸಾಯತಾಳ. ಗಿರಣಿ ಹಾಕಿಸಿದಾಕಿ ನಾನ್ರಿ."

ಕಾಂತಾಳ ಕೈ ಬಿಗಿಯಾಯಿತು. ಕಾಶವ್ವನ ಮುಖ ಕೆಂಪೇರಿತು. "ಅಂದ್ರ ನಾ ಅತ್ತದ್ದು ನಿನ್ನ ಸುಳ್ಳಿಗೇನು?"

"ನಿನ್ನೆ ಟೆಂಟಿನ್ಯಾಗ ಅತ್ರೇನ್ರಿ?"

"ಇಲ್ಲ. ಸಿಟ್ಟ ಬಂತು."

"ನನಗೂ ಹಂಗ ಆಗಿತ್ರಿ. ಕಾಲಿಗೆ ಬೀಳೂ ಮುಂದ ಆಕಿ ಕೈ ನೋಡಿದ್ರೇನು? ಒಂದರೆ ಬೆರಳ ನಡಗಲಿಲ್ಲ. ಬೀಳಾಕ ಆಕಿಗೂ ಮನಸ ಇಲ್ಲ. ಅದಕ್ಕ ನಾ ಎಬ್ಬಿಸಿ ಕಳಿಸಿದೆ."

ಗುರುಪುತ್ರಪ್ಪನವರು ಮೆಲ್ಲಗೆ, "ಏನ ಅನ್ನು, ಗಿರಣಿ ಕಥಿನ ಛಲೋ ಐತಿ" ಎಂದರು.

"ನೀವು ಸುಮ್ಮಕ ಕುಂದರ್ರಿ. ಬಾಗಲ ಹಿಂದ ನಿಂತ ಕೇಳಿದವರಿಗೆ ಇಲ್ಲೆ ಮಾತಿಲ್ಲ" ಎಂದು ಕಾಶವ್ವ ಗಂಡನ ಬಾಯಿ ಮುಚ್ಚಿಸಿ, ಜೈತುನಬೀಯ ಕಡೆ ತಿರುಗಿದಳು. "ಬಳಿ ನೀನ ಇಡಸು. ಆದ್ರ ಇನ್ನ ಮ್ಯಾಲೆ ಸಿನಿಮಾದವರದೆಷ್ಟು, ನಿಂದೆಷ್ಟು, ಮೊದಲ ಹೇಳಬೇಕು. ಅಳೂದಿದ್ರ ಗೊತ್ತಿದ್ದ ಅಳತೀವಿ."

ಹೊರಗೆ ಬಂದಾಗ ಲಕ್ಷ್ಮಪ್ಪ ಮೂಲೆಯಲ್ಲಿ ಕಾಯುತ್ತಿದ್ದ. "ಜೈತುನಕ್ಕ, ಇವತ್ತಿನ ಆಟಕ್ಕ ಉಳದ ಓಣಿಯವರು ಬರತಾರ. ಎಲ್ಲಾರೂ ಕಾಶವ್ವ ಅಲ್ಲ, ನಿನ್ನ ಮಲಾರ ಬೀದಿಗೆ ಒಗದಾರು. ಸೊಸಿ ಅತ್ತಿ ಬಾಗಲಕ್ಕ ಬರೂತನಾ ತೋರಸಿ, ಮಶೀನು ಕೆಟ್ಟೈತಿ ಅಂತ ಬಂದ ಮಾಡಿಬಿಡತೀನಿ. ಮುಂದ ನೀ ಹೇಳಿದ್ದ ಖರೇ ಆಗತೈತಿ."

ಜೈತುನಬೀ ಮಲಾರವನ್ನು ಹೆಗಲಿಗೆ ಏರಿಸಿಕೊಂಡಳು.

"ಬ್ಯಾಡ ಲಕ್ಷ್ಮಪ್ಪಣ್ಣ, ಪೂರಾ ತೋರಸು. ಬೈಯಾವರು ಬೈಲಿ, ಬೈಸಿಕೊಳ್ಳಾಕ ನಾ ಮನಿ ಮನಿಗೆ ಹೋಗತೀನಿ. ಸೊಸಿನ್ನ ಸಿನಿಮಾದವರು ಸಾಯಿಸ್ಯಾರ, ಅದು ಅವರ ಹೆಸರಿಲೇ ಇರಲಿ. ಗಿರಣಿ ನಂದು. ಅದನ್ನ ನಡಸಾಕ ನೀ ನಿನ್ನ ಮಶೀನು ಬಂದ ಮಾಡೂದು ಬ್ಯಾಡ."