ರಿಪೇರಿಯಕ್ಕನೂ ನಡುವೆ ಆರಿಹೋಗುವ ಲ್ಯಾಪ್‌ಟಾಪೂ

ರಿಪೇರಿಯಕ್ಕನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ಅಪ್ಪ ರೇಡಿಯೋ ರಿಪೇರಿಯವನು. ಕೈಯಲ್ಲಿ ಕಸುಬಿತ್ತು, ಅದೇ ಕೈಯಲ್ಲಿ ಕೋಪವೂ ಇತ್ತು. ಮಗಳನ್ನು ಒಂಬತ್ತನೇ ವಯಸ್ಸಿಗೆ ಶಾಲೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡ. ಬೆಸುಗೆ ಸರಿಯಾಗಿ ಕೂತರೆ ಮಾತಿಲ್ಲ, ಕೂರದಿದ್ದರೆ ಒಂದೇಟು. ಹನ್ನೊಂದನೆಯ ವಯಸ್ಸಿನಲ್ಲಿ ಎರಡು ತಂತಿ ಅದಲುಬದಲು ಮಾಡಿದಳೆಂದು ಬಿದ್ದ ಏಟಿಗೆ ಕಿವಿಯಿಂದ ರಕ್ತ ಇಳಿದು ಕುಪ್ಪಸದ ತೋಳು ನೆನೆಯಿತು. ಅಮ್ಮ ಹತ್ತಿ ತುರುಕಿ, "ಅಳಬೇಡ ಕಣೇ, ಅತ್ರೆ ಇನ್ನೊಂದು ಕಿವೀನೂ ಹೋಗುತ್ತೆ" ಎಂದಳು. ಸಮಾಧಾನ ಮಾಡುವುದಕ್ಕೆ ಅಮ್ಮನಿಗೆ ಗೊತ್ತಿದ್ದದ್ದು ಅಷ್ಟೇ.

ಆದರೂ ಕಸುಬು ಅವಳನ್ನು ಬಿಡಲಿಲ್ಲ. ಅಪ್ಪ ಹೋದ ಮೇಲೆ ಅಂಗಡಿ ಅವಳದಾಯಿತು. ರೇಡಿಯೋ ಹೋಗಿ ಟೀವಿ ಬಂತು, ಟೀವಿ ಹೋಗಿ ಕಂಪ್ಯೂಟರು ಬಂತು. ಈಗ ನೋಡಿದರೆ ಬರೀ ಲ್ಯಾಪ್‌ಟಾಪು. ಹಳೇ ಮಾರ್ಕೆಟ್ಟಿನ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ, ಒಂದು ಮಂಚ ಹಾಕಿದರೆ ನಿಲ್ಲಲು ಜಾಗವಿಲ್ಲದಷ್ಟು ಕೋಣೆ. ಮೇಜಿನ ಮೇಲೆ ಹಸಿರು ರಬ್ಬರಿನ ಹಾಸು, ಅದರ ಮೇಲೆ ಜೀರಿಗೆಯಷ್ಟು ಸಣ್ಣ ಸ್ಕ್ರೂಗಳ ತಟ್ಟೆಗಳು, ಕತ್ತು ಬಗ್ಗಿಸುವ ದೀಪ, ಯಾವಾಗಲೂ ಕಾದಿರುವ ಬೆಸುಗೆ ಕಡ್ಡಿ. ಪಕ್ಕದ ಅಂಗಡಿ ಗಡಿಯಾರದ ಅಜ್ಜನದು. ಅಜ್ಜ ಎಷ್ಟು ನಿಧಾನವೆಂದರೆ ಅವನ ಅಂಗಡಿಯ ಒಂದು ಗಡಿಯಾರವೂ ಇನ್ನೊಂದರ ಮಾತು ಕೇಳುತ್ತಿರಲಿಲ್ಲ.

ಅಕ್ಕನಿಗೆ ಒಂದು ಪದ್ಧತಿಯಿತ್ತು. ಯಂತ್ರವನ್ನು ಬಿಚ್ಚುವ ಮೊದಲು ಅದನ್ನು ಬಳಸುವವರನ್ನೇ ಅದರ ಮುಂದೆ ಕೂರಿಸಿ, "ಮನೇಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ" ಎನ್ನುತ್ತಿದ್ದಳು. ಒಬ್ಬ ಗುಮಾಸ್ತ ಕೂತವನೇ ಲ್ಯಾಪ್‌ಟಾಪನ್ನು ತೊಡೆಯ ಮೇಲಿನ ಮಡಿಸಿದ ಕೋಟಿನ ಮೇಲೆ ಇಟ್ಟುಕೊಂಡ. ಅದಕ್ಕೆ ಉಸಿರುಕಟ್ಟಿ ಬಿಸಿಯೇರಿ ಆರುತ್ತಿದೆ ಎಂಬುದು ಒಂದು ಸ್ಕ್ರೂ ಬಿಚ್ಚದೆಯೇ ಗೊತ್ತಾಯಿತು. ಯಾರಾದರೂ ಕೂರಲು ಒಪ್ಪದಿದ್ದರೆ, "ಹಲ್ಲುನೋವು ಅಂತ ಡಾಕ್ಟರ ಹತ್ರ ಹೋಗೋವಾಗ ಬಾಯಿ ಮನೇಲಿಟ್ಟು ಹೋಗ್ತೀರಾ?" ಎಂದು ಕೇಳುತ್ತಿದ್ದಳು.

ಟೈಲ್ಸ್ ಮೇಸ್ತ್ರಿಯ ವಿಷಯದಲ್ಲಿ ಮಾತ್ರ ಅವಳು ಆ ಪದ್ಧತಿ ಬಿಟ್ಟಳು. ಅಲ್ಲೇ ತಪ್ಪಾದದ್ದು.

ಮೇಸ್ತ್ರಿ ದೊಡ್ಡ ಆಳು. ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟು, ಮಂಡಿಗೆ ಕಟ್ಟಿದ ರಬ್ಬರು ಪಟ್ಟಿ ಹಾಗೇ ಇತ್ತು. ಲ್ಯಾಪ್‌ಟಾಪನ್ನು ಇಟ್ಟಿಗೆ ಇಟ್ಟಂತೆ ಮೇಜಿನ ಮೇಲೆ ಕುಕ್ಕಿದ.

"ನಡುವೆ ನಡುವೆ ಆಫ್ ಆಗುತ್ತೆ. ನನ್ನ ಹೆಂಡ್ತಿದು. ಆಸ್ಪತ್ರೆ ಡಾಕ್ಟರುಗಳು ಮಾತಾಡಿ ಕಳಿಸ್ತಾರೆ, ಇವಳು ಕೇಳ್ಕೊಂಡು ಟೈಪ್ ಮಾಡ್ತಾಳೆ."

"ಅವರನ್ನ ಕರ್ಕೊಂಡು ಬನ್ನಿ."

"ಅವಳ್ಯಾಕೆ? ಕೆಟ್ಟಿರೋದು ಇದು."

ಅವನ ದನಿ ಅಪ್ಪನ ದನಿಯಂತಿತ್ತು. ಅಕ್ಕ ಸ್ಕ್ರೂಡ್ರೈವರು ಕೈಗೆತ್ತಿಕೊಂಡಳು. ಬಿಚ್ಚಿ, ಫ್ಯಾನಿನಲ್ಲಿ ಕಂಬಳಿಯಂತೆ ಕೂತಿದ್ದ ಧೂಳು ತೆಗೆದು, ಶಾಖ ಹೀರುವ ಲೇಪ ಹೊಸದಾಗಿ ಹಚ್ಚಿ ಕೊಟ್ಟಳು. ನಾಲ್ಕು ದಿನಕ್ಕೆ ವಾಪಸ್ಸು ಬಂತು. ಬ್ಯಾಟರಿ ಬದಲಾಯಿಸಿದಳು. ಮತ್ತೆ ಬಂತು. ಚಾರ್ಜರಿನ ತೂತಿನ ಬೆಸುಗೆ ಬಿಗಿ ಮಾಡಿದಳು. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಿಸಿದರೂ ಒಂದು ಸಲವೂ ಆರಲಿಲ್ಲ.

ಮೂರನೆಯ ಸಲ ವಾಪಸ್ಸು ತಂದಾಗ ಮೇಸ್ತ್ರಿ ಅವಳ ಕುತ್ತಿಗೆಯ ಬಟ್ಟೆ ಹಿಡಿದು ಮೇಜಿನ ಮೇಲೆ ಎಳೆದ. ಸ್ಕ್ರೂ ತಟ್ಟೆಗಳು ಚೆಲ್ಲಾಡಿದವು.

"ನೀನೂ ಅವಳ ಜೊತೆ ಸೇರ್ಕೊಂಡಿದೀಯಾ? ನಾನು ಹಿಂದೆ ಬಂದು ನಿಂತ್ರೆ ಸಾಕು, ಆಫ್ ಆಗುತ್ತೆ. ನಾನು ಬರೋ ಮುಂಚೆ ಯಾರ ಜೊತೆ ಮಾತಾಡ್ತಾ ಇರ್ತಾಳೆ? ಏನು ಬಚ್ಚಿಡ್ತಾಳೆ? ಎರಡು ತಿಂಗಳಿಂದ ಕೇಳ್ತಾ ಇದೀನಿ. ಹೊಡೆದೂ ಕೇಳಿದೆ. ಬಾಯಿ ಬಿಡ್ತಿಲ್ಲ."

ಗಡಿಯಾರದ ಅಜ್ಜ ಬಾಗಿಲಲ್ಲಿ ಇಣುಕಿದ. "ಏನಪ್ಪಾ, ಹೆಂಗಸಿನ ಮೇಲೆ ಕೈ ಮಾಡ್ತೀಯಾ?"

"ನೀನು ಮುಳ್ಳು ತಿರುಗಿಸ್ಕೊಂಡು ಬಿದ್ದಿರು ಮುದುಕಾ."

ಬಟ್ಟೆಯ ಗಂಟು ಗಂಟಲಿಗೆ ಒತ್ತುತ್ತಿದ್ದರೂ ಅಕ್ಕ ಹೇಳಿಯೇಬಿಟ್ಟಳು: "ಅವಳು ಬಂದು ಇಲ್ಲಿ ಕೂರದೆ ನಾನು ಇದನ್ನ ಮುಟ್ಟೋದಿಲ್ಲ."

ಮಾರನೆಯ ದಿನ ಮಧ್ಯಾಹ್ನ ಅವನು ಹೆಂಡತಿಯನ್ನು ಕರೆತಂದ. ಸಣ್ಣ ಮೈಯವಳು, ಮೂವತ್ತು ದಾಟಿರಲಿಲ್ಲ. ಎಡ ಮಣಿಕಟ್ಟಿಗೆ ಅಗಲವಾದ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದಳು. ಮೇಸ್ತ್ರಿ ಬೀಡಿ ಸೇದಲು ಕೆಳಗಿಳಿದ ಮೇಲೆ ಅವಳಿಗೆ ಉಸಿರು ಬಂತು.

"ಅಕ್ಕಾ, ಇದು ಸರಿಯಾಗದಿದ್ರೆ ನನ್ನ ಕೆಲಸ ಹೋಗುತ್ತೆ. ಇನ್ನೊಂದು ಸಲ ಪಾಳಿ ಮಧ್ಯೆ ಆಫ್ ಆದ್ರೆ ಬೇಡ ಅಂದಿದಾರೆ. ಕೆಲಸ ಹೋದ್ರೆ ದಿನವಿಡೀ ಅವನ ಕಣ್ಣೆದುರೇ ಇರಬೇಕು. ನಾನು ಉಳಿಯೋದಿಲ್ಲ."

ಅತ್ತು ಹೇಳಿದ ಮಾತಲ್ಲ ಅದು. ನಲ್ಲಿಯಲ್ಲಿ ನೀರು ನಿಂತಿದೆ ಎಂದು ಪಕ್ಕದ ಮನೆಗೆ ಹೇಳಿದಂತೆ ಹೇಳಿದಳು.

"ಕೂತ್ಕೊ ತಂಗಿ. ಮನೇಲಿ ಮಾಡಿದ ಹಾಗೇ ಮಾಡು."

ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡು ಟೈಪು ಮಾಡತೊಡಗಿದಳು. ಬೆರಳು ಓಡುತ್ತಿದ್ದ ಪರಿಗೆ ಅಕ್ಕನಿಗೇ ಅಸೂಯೆಯಾಯಿತು. ಮಣಿಕಟ್ಟು ಮೇಲೆತ್ತಿ, ತುದಿಬೆರಳಷ್ಟನ್ನೇ ತಾಕಿಸುತ್ತಿದ್ದಳು. ಕಾಲು ಗಂಟೆ ಕಳೆಯಿತು, ಆರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಮೇಸ್ತ್ರಿಯ ಹೆಜ್ಜೆ ಸದ್ದಾಯಿತು. ಅವಳ ಹೆಗಲು ಕುಗ್ಗಿತು, ತಲೆ ಹೆಗಲೊಳಗೆ ಹುದುಗಿತು, ಎರಡೂ ಕೈ ಲ್ಯಾಪ್‌ಟಾಪಿನ ಮೇಲೆ ಕುಸಿದು ಕೂತವು. ಪರದೆ ಕಪ್ಪಾಯಿತು.

"ನೋಡಿದ್ಯಾ? ನೋಡಿದ್ಯಾ?" ಎಂದವನೇ ಮೇಸ್ತ್ರಿ ಹಿಂದಿನಿಂದ ಹೆಂಡತಿಯ ತಲೆಗೆ ಬಿಗಿದ. ಹಣೆ ಮೇಜಿನಂಚಿಗೆ ಬಡಿದು ಹುಬ್ಬು ಸೀಳಿತು. ರಕ್ತ ಹಸಿರು ಹಾಸಿನ ಮೇಲೆ ತೊಟ್ಟಿಕ್ಕಿತು. ಅವಳು ಕೂಗಲೂ ಇಲ್ಲ. ಹಾಸಿನ ಮೇಲೆ ಎಡಗೈ ಊರಿ ಬೀಳದಂತೆ ತಡೆದುಕೊಳ್ಳಲು ನೋಡಿದಳು.

ಅಕ್ಕ ಬಟ್ಟೆ ಕೊಡಲು ಕೈ ಚಾಚಿದವಳು ಅಲ್ಲೇ ನಿಂತಳು. ನಿನ್ನೆ ಚೆಲ್ಲಿದ್ದ ಸಣ್ಣ ಸ್ಕ್ರೂಗಳು, ಹಾಸಿನ ಮೇಲೆ ಇನ್ನೂ ಹೆಕ್ಕದೆ ಉಳಿದವು, ಆ ಕಪ್ಪು ಪಟ್ಟಿಗೆ ಇರುವೆ ಮುತ್ತಿದಂತೆ ಅಂಟಿಕೊಂಡಿದ್ದವು.

"ಇದರಲ್ಲಿ ಅಯಸ್ಕಾಂತ ಇದೆಯಾ?"

"ಉಳುಕಿನ ನೋವು ಎಳೆಯುತ್ತೆ ಅಂತ ಇವರೇ ತಂದುಕೊಟ್ಟಿದ್ದು. ಬಿಚ್ಚಿದ್ರೆ ಬಯ್ತಾರೆ."

ಅಕ್ಕ ಲ್ಯಾಪ್‌ಟಾಪು ಮತ್ತೆ ಹಚ್ಚಿದಳು. ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಎಡಬದಿಯಲ್ಲಿ, ಅಂಗೈ ಊರುವ ಕಡೆ ತಂದಳು. ಆರಿತು. ಮತ್ತೆ ಹಚ್ಚಿದಳು, ತಂದಳು, ಮತ್ತೆ ಆರಿತು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು.

"ಇದರ ಮುಚ್ಚಳದಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತೆ. ಮುಚ್ಚಿದಾಗ ಅದು ಈ ಜಾಗಕ್ಕೆ ಬರುತ್ತೆ. ಒಳಗಿರೋ ಕಾಳಿನಷ್ಟು ಸಣ್ಣ ಸೆನ್ಸರು ಅದನ್ನ ಕಂಡು, ಮುಚ್ಚಿದ್ರು ಅಂದ್ಕೊಳ್ಳುತ್ತೆ. ಈ ಪಟ್ಟಿ ಹತ್ರ ಬಂದ್ರೂ ಹಾಗೇ ಅಂದ್ಕೊಳ್ಳುತ್ತೆ. ಮುಚ್ಚಿದ ಕೂಡಲೇ ಪೂರ್ತಿ ಆಫ್ ಆಗಲಿ ಅಂತ ಇಟ್ಟಿದ್ದು ಯಾರು?"

"ನಾನೇ. ಕರೆಂಟ್ ಸುಮ್ನೆ ಉರೀಬಾರ್ದು ಅಂತ."

"ಸರಿ. ನೀನು ಬಂದ್ರೆ ಇವಳಿಗೆ ಹೆದರಿಕೆ. ಹೆದರಿದ್ರೆ ಕೈ ಕೆಳಗೆ ಬೀಳುತ್ತೆ. ಕೈ ಬಿದ್ರೆ ಇದು ಆರುತ್ತೆ. ಯಾರ ಜೊತೆಗೂ ಮಾತಿಲ್ಲ, ಬಚ್ಚಿಟ್ಟಿದ್ದೂ ಇಲ್ಲ."

ಮೇಸ್ತ್ರಿ ತಲೆ ತಗ್ಗಿಸಿ ಪಟ್ಟಿಯನ್ನು ನೋಡಿದ. ನಾಚಿಕೊಂಡನೇನೋ ಎಂದು ಅಕ್ಕ ಅಂದುಕೊಂಡಳು. ನಾಚಿಕೆಯಲ್ಲ ಅದು.

"ಎರಡು ತಿಂಗಳು ನನ್ನ ಕುಣಿಸಿದ್ದು ಈ ಪಟ್ಟೀನಾ? ಬಿಚ್ಚೇ!" ಎಂದು ಹೆಂಡತಿಯ ಕೈ ಹಿಡಿದು ಪಟ್ಟಿಯನ್ನು ಕಿತ್ತೆಳೆದ. ಅವಳು ಕೂಗಿದ ಕೂಗಿಗೆ ಕೆಳಗಿನ ಅಂಗಡಿಗಳವರು ತಲೆಯೆತ್ತಿದರು. ಪಟ್ಟಿಯ ಕೆಳಗೆ ಕೈ ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮೂಳೆ ಚರ್ಮದ ಅಡಿಯಲ್ಲಿ ಸೊಟ್ಟಗೆ ಉಬ್ಬಿತ್ತು.

"ಇದು ಉಳುಕಲ್ಲ. ಮುರಿದಿದೆ," ಎಂದಳು ಅಕ್ಕ. "ಯಾರು ಮುರಿದದ್ದು?"

ಮೇಸ್ತ್ರಿ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದ. ಹೆಂಡತಿ ಕೈಯನ್ನು ಎದೆಗೊತ್ತಿಕೊಂಡು ಗೋಡೆಗೊರಗಿ ಕುಸಿದಿದ್ದಳು. ಅದು ಅವಳ ತಲೆಯ ಮೇಲೆ ಬೀಳುವುದರಲ್ಲಿತ್ತು. ಅಪ್ಪನ ಕೈ ಮೇಲೆದ್ದಾಗ ಹನ್ನೊಂದು ವರ್ಷದವಳು ಕಣ್ಣು ಮುಚ್ಚಿದ್ದಳು. ಈಗ ಐವತ್ತೆರಡು ವರ್ಷದವಳು ಕಣ್ಣು ಮುಚ್ಚಲಿಲ್ಲ. ಕಾದ ಬೆಸುಗೆ ಕಡ್ಡಿ ತೆಗೆದು ಅವನ ಮುಂಗೈಗೆ ಒತ್ತಿ ಹಿಡಿದಳು. ಚರ್ಮ ಚುರ್ ಎಂದಿತು, ಸುಟ್ಟ ಕೂದಲ ವಾಸನೆ ಕೋಣೆ ತುಂಬಿತು. ಲ್ಯಾಪ್‌ಟಾಪು ಅವನ ಕೈಜಾರಿ ರಬ್ಬರು ಹಾಸಿನ ಮೇಲೆ ಬಿತ್ತು. ಅವನು ಗೂಳಿಯಂತೆ ಅರಚಿ ಅಕ್ಕನ ಮುಖಕ್ಕೆ ಗುದ್ದಿದ. ಒಂದು ಹಲ್ಲು ಮುರಿಯಿತು. ಅವಳು ಕಡ್ಡಿ ಬಿಡಲಿಲ್ಲ, ಮತ್ತೆ ಒತ್ತಿದಳು. ಅವನು ಹಿಮ್ಮೆಟ್ಟಿ ಬಾಗಿಲಿಗೆ ಬಂದಾಗ ಗಡಿಯಾರದ ಅಜ್ಜ, ಜೀವಮಾನದಲ್ಲಿ ಮೊದಲ ಸಲ ಅವಸರಪಟ್ಟು, ತನ್ನ ಕಬ್ಬಿಣದ ಸ್ಟೂಲನ್ನು ಅವನ ಮೊಣಕಾಲಿಗೆ ಬೀಸಿದ. ಮೇಸ್ತ್ರಿ ಉರುಳುತ್ತ ಮೆಟ್ಟಿಲಿಳಿದ. ಕೆಳಗಿನವರು ಹಿಡಿದುಕೊಂಡರು.

"ಗುರಿ ಇಟ್ಟಿದ್ದು ತಲೆಗೆ ಮಗಳೇ," ಎಂದ ಅಜ್ಜ ಏದುಸಿರು ಬಿಡುತ್ತ. "ಕಣ್ಣು ಮಂಜು."

ಅಕ್ಕ ರಕ್ತ ಉಗಿದು ನಕ್ಕಳು.

ಆಸ್ಪತ್ರೆಯಲ್ಲಿ ದಾದಿ ಕಾಗದ ಹಿಡಿದು, "ಹೇಗಾಯ್ತಮ್ಮಾ? ಜಾರಿ ಬಿದ್ರಾ?" ಎಂದು ತಾನೇ ಬರೆಯತೊಡಗಿದಳು.

"ಜಾರಿ ಬಿದ್ದಿಲ್ಲ," ಎಂದಳು ಮೇಸ್ತ್ರಿಯ ಹೆಂಡತಿ. ಹುಬ್ಬಿಗೆ ಆಗಷ್ಟೇ ಹೊಲಿಗೆ ಬಿದ್ದಿತ್ತು. "ಗಂಡ ತಿರುಚಿದ. ಆಮೇಲೆ ಅದೇ ಕೈಗೆ ಎರಡು ಸಲ ಕೋಲಲ್ಲಿ ಹೊಡೆದ. ಸರಿಯಾಗಿ ಬರ್ಕೊಳ್ಳಿ ಸಿಸ್ಟರ್. ನೀವು ಬರೆದದ್ದನ್ನೇ ಡಾಕ್ಟರು ಓದ್ತಾರೆ, ಅದನ್ನೇ ನಾವು ಟೈಪ್ ಮಾಡೋದು. ಜಾರಿ ಬಿದ್ದೋರು ಎಷ್ಟು ಜನ ಅಂತ ನನಗೆ ಗೊತ್ತು."

ದಾದಿ ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಪೊಲೀಸರೂ ಬಂದರು. ಅಕ್ಕ ಕಡ್ಡಿ ಇಟ್ಟದ್ದನ್ನು ಮುಚ್ಚಿಡಲಿಲ್ಲ. "ಸುಟ್ಟೆ. ಎರಡು ಸಲ," ಎಂದು ಬೆರಳೆತ್ತಿ ತೋರಿಸಿದಳು. ಕೇಸು ಮೇಸ್ತ್ರಿಯ ಮೇಲೂ ಅಕ್ಕನ ಮೇಲೂ ನಡೆಯಿತು, ಅವಳು ವರ್ಷಗಟ್ಟಲೆ ಕೋರ್ಟಿಗೆ ಅಲೆದಳು.

ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. "ಸೊಟ್ಟಗೆ ಕೂಡಿಬಿಟ್ಟಿದೆ. ಮತ್ತೆ ಮುರಿದೇ ಕೂರಿಸಬೇಕು. ಒಪ್ಪಿಗೆ ಇದೆಯೇನಮ್ಮಾ?"

"ಅವನು ಮುರಿಯೋವಾಗ ಕೇಳಿರ್ಲಿಲ್ಲ ಸಾರ್. ನೀವು ಕೇಳ್ತಿದೀರಲ್ಲ. ಮುರೀರಿ."

ಸಹಿಯನ್ನು ಬಲಗೈಯಲ್ಲಿ ತಾನೇ ಹಾಕಿದಳು. ಆಪರೇಷನ್ ಕೋಣೆಗೆ ಒಯ್ಯುವಾಗ ಕೇಳಿದ್ದು ಒಂದೇ ಮಾತು: "ಬಲಗೈ ಒಂದರಲ್ಲೇ ಟೈಪ್ ಮಾಡಬಹುದಾ?"

"ಮಾಡಮ್ಮಾ, ಬೇಡ ಅನ್ನೋಕೆ ನಾನ್ಯಾರು?" ಎಂದರು ಡಾಕ್ಟರು.

ಮೂರನೆಯ ದಿನ, ಪ್ಲಾಸ್ಟರು ಹಾಕಿದ ಅವಳ ಎಡಗೈ ದಿಂಬಿನ ಮೇಲಿತ್ತು. ಅಕ್ಕ ಮಂಚದ ಮೇಲೆ ಊಟದ ಹಲಗೆ ಎಳೆದು, ಮೂಲೆ ಜಜ್ಜಿದ ಲ್ಯಾಪ್‌ಟಾಪನ್ನು ಅದರ ಮೇಲಿಟ್ಟು, ಚಾರ್ಜರು ಸಿಕ್ಕಿಸಿದಳು. ಒಂದು ಕೈಯಲ್ಲಿ ಕೆಲಸ ತೆವಳುತ್ತಿತ್ತು. ಬಾಗಿಲ ಆಚೆ ಯಾರದಾದರೂ ಬೂಟಿನ ಸದ್ದಾದರೆ ಅವಳ ಹೆಗಲು ಇನ್ನೂ ಕುಗ್ಗುತ್ತಿತ್ತು. ಬೆರಳು ನಿಲ್ಲುತ್ತಿತ್ತು, ಕೈ ಕೆಳಗೆ ಬೀಳುತ್ತಿತ್ತು. ಆದರೆ ಆ ಕಪ್ಪು ಪಟ್ಟಿ ಈಗ ಇರಲಿಲ್ಲ, ಪರದೆ ಬೆಳಗುತ್ತಲೇ ಇರುತ್ತಿತ್ತು. ಸದ್ದು ದಾಟಿಹೋದ ಮೇಲೆ ಅವಳು ನಿಲ್ಲಿಸಿದ ಅಕ್ಷರದಿಂದಲೇ ಮುಂದುವರಿಸುತ್ತಿದ್ದಳು.