ಸರಸ್ ಹಚ್ಚದ ಪೆಟ್ಟಿಗೆ

ಮಲಾಡ್ ಸ್ಟೇಷನ್ನಿನಲ್ಲಿ ಇಳಿಯುವಾಗಲೇ ಅಂಬವ್ವನ ಸಿಟ್ಟು ನೆತ್ತಿಗೇರಿತ್ತು. ಏರದೆ ಏನು ಮಾಡೀತು? ಮರುದಿನ ಖಂಡೇನವಮಿ, ಆಯುಧಪೂಜೆಯ ದಿನ. ಬಡಿಗೇರ ಸಮಾಜದ ಹೊಸ ಹಾಲ್‌ನಲ್ಲಿ ಅಂಬವ್ವನ ತವರುಮನೆಯ, ಉಳಿ, ಗರಗಸದಂಥ ಹತಾರಗಳನ್ನಿಡುವ ಹಳೆಯ ಪೆಟ್ಟಿಗೆಯನ್ನಿಟ್ಟು ಪೂಜೆ ಮಾಡುವವರಿದ್ದರು. ಪೆಟ್ಟಿಗೆ ಮಾಡಿದವರ ಹೆಸರಿಗೊಂದು ಹಿತ್ತಾಳೆಯ ಪಟ್ಟಿಯೂ ಆಗಿತ್ತು. ತಮ್ಮ ಮೋನಪ್ಪ ಅದರಲ್ಲಿ ಕೆತ್ತಿಸಿದ್ದು ಅಪ್ಪ ಕಾಳಪ್ಪನ ಹೆಸರನ್ನು.

ಪೆಟ್ಟಿಗೆ ಮಾಡಿದವಳು ಅವ್ವ, ಕಾಶವ್ವ. ಪಕ್ಕದಲ್ಲಿ ಕೂತು ಒಂದೊಂದೇ ಬೆಣೆ ಎತ್ತಿಕೊಟ್ಟವಳು ಅಂಬವ್ವ. ಮೋನಪ್ಪ ಆಗ ತೊಟ್ಟಿಲಲ್ಲಿದ್ದ. ಅವನಿಗೆ ಬುದ್ಧಿ ತಿಳಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು.

ವಿಜಾಪುರದ ಕಡೆಯಿಂದ ಬಂದ ಹೊಸದರಲ್ಲೇ ಕಾಳಪ್ಪ ಕಾರ್ಖಾನೆಯೊಂದರ ಗರಗಸದ ಮಷಿನ್ನಿಗೆ ಬಲಗೈ ಬೆರಳುಗಳನ್ನು ಕೊಟ್ಟು ಮನೆಗೆ ಬಂದಿದ್ದ. ಅಂದಿನಿಂದ ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ, ಬಾಗಿಲು ಹಾಕಿಕೊಂಡು, ಉಳಿ ಹಿಡಿದವಳು ಕಾಶವ್ವ. ಬಡಿಗರ ಮನೆಯ ಮಗಳು, ನೋಡಿಯೇ ಕಲಿತಿದ್ದಳು. ಗಿರಾಕಿ ಬಂದರೆ ಕಾಳಪ್ಪ ಅಂಗಿಯ ತೋಳಿನಲ್ಲಿ ಕೈ ಅಡಗಿಸಿಕೊಂಡು ಹೊಸ್ತಿಲಲ್ಲಿ ಕೂತು ದೊಡ್ಡ ಮಾತಾಡುತ್ತಿದ್ದ. ಹೆಂಗಸಿನ ಕೆಲಸವೆಂದು ತಿಳಿದರೆ ಯಾರೂ ಕೊಳ್ಳಲಿಕ್ಕಿಲ್ಲ ಎಂಬ ಅಂಜಿಕೆ. ಇರಲಿ, ಹೊಟ್ಟೆಪಾಡು. ಆದರೆ ವರ್ಷವಿಡೀ ಹತಾರ ಹಿಡಿದವಳನ್ನು ಖಂಡೇನವಮಿಯ ದಿನ ಮಾತ್ರ, ಹೆಣ್ಣು ಮುಟ್ಟಿದರೆ ಮೈಲಿಗೆ ಎಂದು ದೂರ ನಿಲ್ಲಿಸುತ್ತಿದ್ದರಲ್ಲ, ಆ ನಾಚಿಕೆಗೇಡನ್ನು ಅಂಬವ್ವ ಮರೆತಿರಲಿಲ್ಲ. ತನ್ನ ಗಂಡ ಸತ್ತ ಮೇಲೆ ಮಿಲ್ಲಿನಲ್ಲಿ ನೂಲು ಸುತ್ತಿ, ಅದೇ ಚಾಳಿನಲ್ಲಿ ಮುದುಕಿಯಾದರೂ ಮರೆತಿರಲಿಲ್ಲ.

ಮೋನಪ್ಪನ ಬಡಿಗತನದ ಅಂಗಡಿಯಲ್ಲಿ, ಪೆಟ್ಟಿಗೆಯ ಪಕ್ಕದಲ್ಲಿ, ಸಮಾಜದ ಅಧ್ಯಕ್ಷ ಬಸವಂತಪ್ಪನೂ ಕೂತಿದ್ದ. ಅಂಬವ್ವ ನೀರು ಸಹ ಕುಡಿಯದೆ ಶುರು ಮಾಡಿದಳು.

"ಪಟ್ಟಿ ಮ್ಯಾಲ ಅವ್ವನ ಹೆಸರು ಹಾಕಸು. ಪೆಟ್ಟಿಗಿ ಮಾಡಿದಾಕಿ ಆಕಿ."

ಬಸವಂತಪ್ಪ ನಕ್ಕ. "ಹೆಣ್ಮಕ್ಕಳ ಬುದ್ಧಿ ಮೊಳಕಾಲ ಕೆಳಗ ಅಂತಾರಲ್ಲ, ಸುಳ್ಳಲ್ಲ. ಕಾಶವ್ವ ರೊಟ್ಟಿ ಬಡದಿರಬೇಕು, ಪೆಟ್ಟಿಗಿ ಎಲ್ಲಿಂದ ಮಾಡ್ಯಾಳು?"

"ಅದಕ್ಕ ಗುರುತು ಏನೈತಿ ಅಕ್ಕ?" ಎಂದ ಮೋನಪ್ಪ.

"ಸರಸ್ ಇಲ್ಲದ ಬಡಿಗತನ ಇಲ್ಲ ಅಂತಿದ್ದ ಅಪ್ಪ. ಹೌದಲ್ಲ?"

"ಹೌದು."

"ಹಂಗಾರ ಇದರಾಗ ಸರಸ್ ತೋರಸು."

ಸರಸ್ ಎಂದರೆ ದನದ ಚರ್ಮ, ಎಲುಬು ಕುದಿಸಿ ತೆಗೆದ ಅಂಟು. ಬಿಸಿ ಮಾಡದೆ ಹಚ್ಚಲು ಬಾರದು. ರೊಟ್ಟಿ ಸುಡುವ ಒಲೆಯ ಮೇಲೆ ಅದನ್ನು ಇಡಗೊಡೆನೆಂದು ಕಾಶವ್ವ ಹಟ ಹಿಡಿದಿದ್ದಳು. ಹಾಗಾಗಿ ಅವಳ ಕೆಲಸವೆಲ್ಲ ಬರೀ ಬಿದಿರಿನ ಬೆಣೆಗಳ ಮೇಲೆ ನಿಂತಿರುತ್ತಿತ್ತು.

ಅಂಬವ್ವ ಮರದ ಕೊಡತಿ ಎತ್ತಿಕೊಂಡು ಪೆಟ್ಟಿಗೆಯ ಮುಂದೆ ಕೂತಳು. "ಅಕ್ಕ, ಹತಾರ ಮುಟ್ಟಬ್ಯಾಡ, ನಾಳೆ ಪೂಜಾ ಐತಿ" ಎಂದು ಮೋನಪ್ಪ ಎದ್ದು ಬರುವಷ್ಟರಲ್ಲಿ ತಳದ ಬೆಣೆ ಹೊರಬಿದ್ದಿತ್ತು. ಅದರ ಹಿಂದೆಯೇ ಉಳಿದವು. ಸಾಗವಾನಿ ಹಲಗೆಗಳು ಬಿಡಿಬಿಡಿಯಾಗಿ ನೆಲದ ಮೇಲೆ ಬಿದ್ದವು. ಮೋನಪ್ಪ ಒಂದು ಸಂದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ, ಮೂಸಿದ. ಅಂಟಿನ ಕಲೆಯೇ ಇರಲಿಲ್ಲ. ಅವನ ಮುಖ ಸಣ್ಣದಾಯಿತು.

"ಆಕೀನ ಮಾಡಿರಬಹುದು ಬಿಡವಾ," ಎಂದ ಬಸವಂತಪ್ಪ. "ಆದರ ಸಮಾಜದ ಹಾಲ್‌ನಾಗ ಹೆಣ್ಣಿನ ಹೆಸರು ಹ್ಯಾಂಗ ಹಾಕೂದು? ಮಂದಿ ನಗತಾರ. ಕಾಳಪ್ಪಂದ ಇರಲಿ."

ಮೋನಪ್ಪ ಹೌದೆಂಬಂತೆ ತಲೆಯಾಡಿಸಿದ. ಗೊತ್ತಿಲ್ಲದೆ ತಲೆಯಾಡಿಸಿದ್ದರೆ ಮಾತು ಬೇರೆ, ಇವನು ಗೊತ್ತಿದ್ದೇ ತಾಯಿಯನ್ನು ಬಿಟ್ಟುಕೊಟ್ಟಿದ್ದ.

"ಆತು. ಅಪ್ಪ ಮಾಡಿದ್ದಾದರ ನೀ ಅಪ್ಪನ ಮಗ ಅದೀಯಲ್ಲ, ಕೂಡಸು" ಎಂದು ಅಂಬವ್ವ ಸೆರಗು ಕೊಡವಿ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಮೋನಪ್ಪ ಪರೇಲಿಗೆ ಬಂದ. ಹಲಗೆಗಳನ್ನು ಕಟ್ಟು ಕಟ್ಟಿ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ತಂದಿದ್ದ. ಅಷ್ಟು ವರ್ಷ ಮೊಳೆ, ಸರಸ್ ನಂಬಿದ ಕೈಗೆ ಯಾವ ಬೆಣೆ ಯಾವ ತೂತಿನದೆಂದು ತಿಳಿದಿರಲಿಲ್ಲ.

"ಮಳಿಗಾಲಕ್ಕ ಹಲಗಿ ಉಬ್ಬ್ಯಾವ ಅಕ್ಕ" ಎಂದ.

"ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ. ಯಾರು ಮಾಡಿದ್ದಿದು?"

"ಅವ್ವ."

"ನನಗೇನು ಹೇಳತಿ? ಹಾಲ್‌ನಾಗ, ಆ ಮಂದಿ ಮುಂದ ಹೇಳತಿ?"

ಮೋನಪ್ಪ ಹಲಗೆಗಳ ಕಟ್ಟನ್ನು ಅವಳ ಮುಂದೆ ಸರಿಸಿದ. ಅಂಬವ್ವ ಹಲಗೆಗಳನ್ನು ಬಿಚ್ಚಿ, ಬೆಣೆಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೊಂದನ್ನೇ ಅದರದರ ತೂತಿಗೆ ಬಡಿಯುತ್ತ ಬಂದಳು. ಪೆಟ್ಟಿಗೆ ಎದ್ದು ನಿಂತಿತು. ಮುಚ್ಚಳ ಸರಿಯಾಗಿ ಕೂತಿತು. ಮೋನಪ್ಪ ಸಮಾಧಾನದಿಂದ ಎತ್ತಲು ಬಗ್ಗಿದ. ಅಂಬವ್ವ ಮುಚ್ಚಳದ ಮೇಲೆ ಕೂತುಬಿಟ್ಟಳು.

"ಪಟ್ಟಿ ಒಯ್ದು ಎಲ್ಲಿ ಬೇಕಲ್ಲಿ ಬಡಿ. ಪೆಟ್ಟಿಗಿ ಇಲ್ಲೇ ಇರತೈತಿ."

"ಅಕ್ಕ, ಎಲ್ಲಾರೂ ಕಾಯಾಕತ್ತ್ಯಾರ. ಪೂಜಾಕ್ಕ ನಾ ಏನಿಡಲಿ?"

"ಅಪ್ಪ ಮಾಡಿದ್ದು ಹುಡುಕಿ ಇಡು."

ಮೋನಪ್ಪ ಬಾಗಿಲಲ್ಲಿ ನಿಂತು ಯೋಚಿಸಿದ. ಮನೆಯ ಕಪಾಟು, ಊಟದ ಮಣೆ, ತನ್ನನ್ನು ಮಲಗಿಸಿದ ತೊಟ್ಟಿಲು, ಯಾವುದಕ್ಕೂ ಸರಸ್ ಹಚ್ಚಿರಲಿಲ್ಲ.